63 ಹೆಚ್ಚೋ, 50 ಹೆಚ್ಚೋ? ಬ್ಯಾಸ್ಕೆಟ್‌ಬಾಲ್ ಪ್ಲೇಆಫ್ ಆಟವನ್ನು ಅಂಕಿಅಂಶಗಳಿಂದ ತೂಗುವ ಬಗೆ

1986ರ ಏಪ್ರಿಲ್ 20ರಂದು, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರ ನಡೆಯುವ, ಸೋತ ತಂಡ ಹೊರಬೀಳುವ ಸರಣಿಗಳಲ್ಲಿ), ಶಿಕಾಗೊ ಬುಲ್ಸ್ ತಂಡದ ಮೈಕೆಲ್ ಜೋರ್ಡನ್ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧ 63 ಅಂಕ ಗಳಿಸಿದರು. 2021ರ ಜುಲೈ 20ರಂದು, ಪ್ಲೇಆಫ್‌ನ ಕೊನೆಯ ಸರಣಿಯಾದ ಎನ್‌ಬಿಎ ಫೈನಲ್ಸ್‌ನ ಆರನೆಯ ಪಂದ್ಯದಲ್ಲಿ, ಮಿಲ್ವಾಕಿ ಬಕ್ಸ್‌ನ ಯಾನಿಸ್ ಆಂಟೆಟೊಕೌಂಪೊ ಫೀನಿಕ್ಸ್ ಸನ್ಸ್ ವಿರುದ್ಧ 50 ಅಂಕ ಗಳಿಸಿ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. ಇವೆರಡರಲ್ಲಿ ಯಾವುದು ಮಿಗಿಲು ಎಂದು ಕೇಳಿದರೆ ಹಲವರು ದೊಡ್ಡ ಅಂಕಿಯತ್ತ ಬೆರಳು ತೋರಿಸುತ್ತಾರೆ, ಉಳಿದವರು ಗೆದ್ದ ತಂಡದತ್ತ. ಎರಡೂ ಉತ್ತರಗಳು ಅವಸರದವು. ಸ್ಕೋರ್‌ಶೀಟ್ ಮತ್ತು ಒಂದು ಕ್ಯಾಲ್ಕುಲೇಟರ್ ಇದ್ದರೆ ಯಾರು ಬೇಕಾದರೂ ಇದಕ್ಕಿಂತ ನ್ಯಾಯವಾದ ಉತ್ತರಕ್ಕೆ ಬರಬಹುದು. ಇಲ್ಲಿ ಇದೇ ಎರಡು ಪಂದ್ಯಗಳನ್ನು ಇಟ್ಟುಕೊಂಡು ಆ ದಾರಿಯಲ್ಲಿ ನಡೆಯೋಣ.

ಮೊದಲು ಪ್ರಶ್ನೆಯನ್ನು ಖಚಿತಪಡಿಸಿಕೊಳ್ಳಿ

ಒಂದು ಪಂದ್ಯವನ್ನು ಹೋಲಿಸುತ್ತಿದ್ದೀರೋ, ಒಂದು ಸರಣಿಯನ್ನೋ, ಇಡೀ ವೃತ್ತಿಜೀವನವನ್ನೋ ಎಂಬುದು ಮೊದಲೇ ತೀರ್ಮಾನವಾಗಬೇಕು. ಪ್ಲೇಆಫ್‌ಗಳಲ್ಲಿ ಜೋರ್ಡನ್ 179 ಪಂದ್ಯಗಳಿಂದ 5,987 ಅಂಕ ಗಳಿಸಿದ್ದಾರೆ. ಲೆಬ್ರಾನ್ ಜೇಮ್ಸ್ ಅವರ ಒಟ್ಟು ಗಳಿಕೆ 8,000 ದಾಟಿದೆ. ಆದರೆ ಪಂದ್ಯವೊಂದಕ್ಕೆ 33.4 ಅಂಕಗಳ ಜೋರ್ಡನ್ ಸರಾಸರಿಯನ್ನು ಲೆಬ್ರಾನ್ ಮುಟ್ಟಿಲ್ಲ. ಒಟ್ಟು ಮೊತ್ತವು ಎಷ್ಟು ಕಾಲ ಬಾಳಿದರು ಎಂಬುದನ್ನು ಹೇಳುತ್ತದೆ, ಸರಾಸರಿಯು ಎಷ್ಟು ಎತ್ತರಕ್ಕೆ ಏರಿದರು ಎಂಬುದನ್ನು. ಇದಲ್ಲದೆ, ಮೊದಲ ಸುತ್ತು ಏಳು ಪಂದ್ಯಗಳ ಸರಣಿಯಾದದ್ದು 2003ರಲ್ಲಿ. 1984ರಿಂದ 2002ರವರೆಗೆ ಅದರಲ್ಲಿ ಹೆಚ್ಚೆಂದರೆ ಐದು ಪಂದ್ಯಗಳಷ್ಟೇ ಇದ್ದುದರಿಂದ ಹಳೆಯ ಆಟಗಾರರಿಗೆ ಮೊತ್ತ ಕೂಡಿಹಾಕುವ ಅವಕಾಶವೇ ಕಡಿಮೆಯಿತ್ತು.

ಸರಣಿಗಳನ್ನು ಒಟ್ಟುಗೂಡಿಸುವಾಗ ಒಂದು ಎಚ್ಚರ ಅಗತ್ಯ. ಒಬ್ಬ ಆಟಗಾರ ನಾಲ್ಕು ಪಂದ್ಯಗಳ ಸರಣಿಯಲ್ಲಿ 35ರ ಸರಾಸರಿಯನ್ನೂ ಏಳು ಪಂದ್ಯಗಳ ಸರಣಿಯಲ್ಲಿ 25ರ ಸರಾಸರಿಯನ್ನೂ ಪಡೆದಿದ್ದರೆ ಎರಡರ ಸರಾಸರಿ 30 ಅಲ್ಲ. ಒಟ್ಟು 315 ಅಂಕಗಳನ್ನು 11 ಪಂದ್ಯಗಳಿಂದ ಭಾಗಿಸಿದಾಗ ಬರುವ 28.6.

ಅಂಕಗಳನ್ನು ನಿಮಿಷಗಳಿಗೆ ಇಳಿಸಿ

ಜೋರ್ಡನ್ ಆಡಿದ ಪಂದ್ಯವು ಎರಡು ಹೆಚ್ಚುವರಿ ಅವಧಿಗಳವರೆಗೆ ಎಳೆಯಿತು, ಅವರು ಅಂಗಳದಲ್ಲಿದ್ದುದು 53 ನಿಮಿಷ. ಯಾನಿಸ್ ಆಡಿದ್ದು 42 ನಿಮಿಷ. ಅಂಕಗಳನ್ನು ನಿಮಿಷಗಳಿಂದ ಭಾಗಿಸಿ, ರೂಢಿಯಂತೆ 36ರಿಂದ ಗುಣಿಸಿ ನೋಡಿ: ಜೋರ್ಡನ್‌ಗೆ 42.8, ಯಾನಿಸ್‌ಗೆ 42.9. ಹದಿಮೂರು ಅಂಕಗಳ ಅಂತರ ಒಂದೇ ಭಾಗಾಕಾರದಲ್ಲಿ ಕರಗಿಹೋಯಿತು. ಈ ಲೆಕ್ಕವನ್ನು ಮೊದಲ ಬಾರಿ ಮಾಡಿದಾಗ ನನಗಾದ ಬೆರಗು ಇನ್ನೂ ಮಾಸಿಲ್ಲ.

ಆದರೆ ಬೇರೆ ಬೇರೆ ಕಾಲದ ಆಟಗಾರರನ್ನು ಹೋಲಿಸಲು ನಿಮಿಷವೂ ಸಾಲದು, ಏಕೆಂದರೆ ಆಟದ ವೇಗ ದಶಕದಿಂದ ದಶಕಕ್ಕೆ ಬದಲಾಗಿದೆ. ವೇಗದ ಆಟದಲ್ಲಿ ಅಷ್ಟೇ ನಿಮಿಷಗಳಲ್ಲಿ ಚೆಂಡು ಹೆಚ್ಚು ಸಲ ಕೈಗೆ ಬರುತ್ತದೆ. ಆದ್ದರಿಂದ ತಂಡಕ್ಕೆ ಚೆಂಡು ಎಷ್ಟು ಬಾರಿ ಸಿಕ್ಕಿತು ಎಂಬುದನ್ನು, ಅಂದರೆ ಪೊಸೆಷನ್‌ಗಳನ್ನು, ಅಂದಾಜಿಸಬೇಕು: ಆಟದ ನಡುವೆ ತಂಡ ಬುಟ್ಟಿಗೆ ಎಸೆದ ಒಟ್ಟು ಎಸೆತಗಳಿಗೆ ಫ್ರೀ ಥ್ರೋಗಳ (ಫೌಲ್‌ಗಾಗಿ ಸಿಗುವ, ತಡೆಯಿಲ್ಲದ ಎಸೆತಗಳ) 0.44 ಭಾಗವನ್ನೂ ಟರ್ನೋವರ್‌ಗಳನ್ನೂ (ಎಸೆಯುವ ಮೊದಲೇ ಚೆಂಡು ಕಳೆದುಕೊಂಡ ಸಂದರ್ಭಗಳನ್ನೂ) ಕೂಡಿಸಿ, ಆಕ್ರಮಣದ ರೀಬೌಂಡ್‌ಗಳನ್ನು (ತಮ್ಮದೇ ತಂಡದ ತಪ್ಪಿದ ಎಸೆತದ ಚೆಂಡನ್ನು ಮತ್ತೆ ಹಿಡಿದವುಗಳನ್ನು) ಕಳೆಯಬೇಕು. ಇಡೀ ಸರಣಿಯ ಹೋಲಿಕೆಗೆ ನೂರು ಪೊಸೆಷನ್‌ಗಳಿಗೆ ಎಷ್ಟು ಅಂಕ ಎಂಬ ಅಳತೆಯೇ ಹೆಚ್ಚು ನಂಬಲರ್ಹ.

ಎಷ್ಟು ಅವಕಾಶಗಳನ್ನು ಖರ್ಚು ಮಾಡಿದರು?

ಈ ಇಡೀ ಕೆಲಸದಲ್ಲಿ ಒಂದೇ ಹೆಜ್ಜೆಗೆ ಸಮಯವಿದೆ ಎನ್ನುವವರು ಇದನ್ನು ಮಾಡಲಿ. ಅಂಕ ಗಳಿಸಲು ಆಟಗಾರನು ತಂಡದ ಅವಕಾಶಗಳನ್ನು ಖರ್ಚು ಮಾಡುತ್ತಾನೆ. ಆ ಖರ್ಚಿಗೆ ತಕ್ಕ ಗಳಿಕೆ ಬಂತೇ ಎಂಬುದನ್ನು ಟ್ರೂ ಶೂಟಿಂಗ್ ಎಂಬ ಅಳತೆ ತೋರಿಸುತ್ತದೆ. ಎಸೆತಗಳಿಗೆ ಫ್ರೀ ಥ್ರೋ ಯತ್ನಗಳ 0.44 ಭಾಗವನ್ನು ಕೂಡಿಸಿ, ಬಂದದ್ದನ್ನು ಎರಡರಷ್ಟು ಮಾಡಿ, ಅದರಿಂದ ಅಂಕಗಳನ್ನು ಭಾಗಿಸಬೇಕು. ಎರಡು ಫ್ರೀ ಥ್ರೋಗಳು ಸೇರಿ ಒಂದು ಅವಕಾಶವಾಗುವುದಾದರೆ ಅರ್ಧ ಭಾಗವನ್ನೇ ಏಕೆ ಹಿಡಿಯುವುದಿಲ್ಲ ಎಂದು ಯಾರಾದರೂ ಕೇಳಬಹುದು. ಚೆಂಡು ಬುಟ್ಟಿಗೆ ಬಿದ್ದ ಮೇಲೂ ಫೌಲ್‌ಗಾಗಿ ಸಿಗುವ ಒಂದು ಹೆಚ್ಚುವರಿ ಎಸೆತ, ಎದುರಾಳಿಯ ಟೆಕ್ನಿಕಲ್ ಫೌಲ್‌ನಿಂದ (ದುರ್ವರ್ತನೆಯಂಥ ತಪ್ಪಿಗೆ ಕೊಡುವ ದಂಡದಿಂದ) ಸಿಗುವ ಎಸೆತ ಮುಂತಾದವು ಹೊಸ ಅವಕಾಶವನ್ನು ಬಳಸಿಕೊಳ್ಳುವುದಿಲ್ಲವಾದ್ದರಿಂದ ಅರ್ಧಕ್ಕಿಂತ ತುಸು ಕಡಿಮೆ ಹಿಡಿಯುವುದು ವಾಡಿಕೆ.

ಜೋರ್ಡನ್ 41 ಎಸೆತಗಳಲ್ಲಿ 22ನ್ನು, 21 ಫ್ರೀ ಥ್ರೋಗಳಲ್ಲಿ 19ನ್ನು ಬುಟ್ಟಿಗೆ ಹಾಕಿದರು. ಅವರು ಬಳಸಿದ ಅವಕಾಶಗಳು 50.24, ಟ್ರೂ ಶೂಟಿಂಗ್ 62.7%. ಯಾನಿಸ್ 25 ಎಸೆತಗಳಲ್ಲಿ 16ನ್ನು, 19 ಫ್ರೀ ಥ್ರೋಗಳಲ್ಲಿ 17ನ್ನು ಹಾಕಿದರು. ಬಳಸಿದ ಅವಕಾಶಗಳು 33.36, ಟ್ರೂ ಶೂಟಿಂಗ್ 74.9%. ದಕ್ಷತೆಯಲ್ಲಿ ಯಾನಿಸ್ ಬಹಳ ಮುಂದಿದ್ದಾರೆ.

ಇಲ್ಲಿಗೇ ನಿಲ್ಲಿಸಬಾರದು. ಹೆಚ್ಚು ಅವಕಾಶಗಳ ಹೊರೆ ಹೊತ್ತವನ ದಕ್ಷತೆ ಸಹಜವಾಗಿಯೇ ಕುಗ್ಗುತ್ತದೆ. 2015ರ ಫೈನಲ್ಸ್‌ನಲ್ಲಿ ಲೆಬ್ರಾನ್ ಅವರ ಸಹ ಆಟಗಾರರಲ್ಲಿ ಕೆವಿನ್ ಲವ್ ಗಾಯಗೊಂಡು ಹೊರಗಿದ್ದರು, ಕೈರಿ ಇರ್ವಿಂಗ್ ಮೊದಲ ಪಂದ್ಯದಲ್ಲೇ ಗಾಯಗೊಂಡರು. ಆಗ ಲೆಬ್ರಾನ್ ಗಳಿಸಿದ್ದು ಪಂದ್ಯಕ್ಕೆ ಸರಾಸರಿ 35.8 ಅಂಕ, 13.3 ರೀಬೌಂಡ್, 8.8 ಅಸಿಸ್ಟ್ (ಸಹ ಆಟಗಾರನ ಅಂಕಕ್ಕೆ ದಾರಿಯಾದ ಪಾಸ್), ಆದರೆ ಅವರ ಎಸೆತಗಳಲ್ಲಿ ಬುಟ್ಟಿ ಸೇರಿದ್ದು 39.8% ಮಾತ್ರ. ಆ ಶೇಕಡಾವಾರನ್ನು ಮಾತ್ರ ನೋಡಿ ಅದನ್ನು ಕಳಪೆ ಸರಣಿ ಎನ್ನುವುದು ಅನ್ಯಾಯ. ಜೋರ್ಡನ್ ಅವರ 50 ಅವಕಾಶಗಳನ್ನೂ ಇದೇ ಕಣ್ಣಿನಿಂದ ನೋಡಬೇಕು.

ಅದೃಷ್ಟದ ಪಾಲನ್ನು ಅಳೆಯಿರಿ

ಪ್ಲೇಆಫ್‌ನ ದೊಡ್ಡ ತೊಡಕೆಂದರೆ ಪಂದ್ಯಗಳು ಕಡಿಮೆ. ಮೂರಂಕದ ಎಸೆತಗಳಲ್ಲಿ (ದೂರದ ಗೆರೆಯಾಚೆಯಿಂದ ಎಸೆಯುವವುಗಳಲ್ಲಿ) 37% ಯಶಸ್ಸು ಕಾಣುವ ಆಟಗಾರ ಒಂದು ಸರಣಿಯಲ್ಲಿ 40 ಬಾರಿ ಎಸೆದನೆಂದುಕೊಳ್ಳಿ. ಅವನ ಕೌಶಲದಲ್ಲಿ ಏನೂ ವ್ಯತ್ಯಾಸವಾಗದಿದ್ದರೂ ಬರಿಯ ಆಕಸ್ಮಿಕದಿಂದಲೇ ಆ ಪ್ರಮಾಣ ಆಚೀಚೆ 7ರಿಂದ 8 ಶೇಕಡಾ ಅಂಶಗಳಷ್ಟು ಸರಿಯಬಹುದು. ಅಂದರೆ 30% ಬಂದ ಮಾತ್ರಕ್ಕೆ ಅವನು ಒತ್ತಡಕ್ಕೆ ಕುಸಿದನೆನ್ನಲು ಆಧಾರವಿಲ್ಲ.

ಯಾನಿಸ್ ಆ ರಾತ್ರಿ ಫ್ರೀ ಥ್ರೋಗಳಲ್ಲಿ 89% ಯಶಸ್ಸು ಕಂಡರು. ಆ ವರ್ಷದ ಪ್ಲೇಆಫ್‌ಗಳಲ್ಲಿ ಒಟ್ಟಾರೆ ಅವರ ಪ್ರಮಾಣ 60%ಕ್ಕಿಂತ ಕೆಳಗಿತ್ತು. ಎಂದಿನಂತೆಯೇ ಎಸೆದಿದ್ದರೆ 17ರ ಬದಲು 11 ಬಿದ್ದು ಅವರ ಮೊತ್ತ 44ಕ್ಕೆ, ಟ್ರೂ ಶೂಟಿಂಗ್ ಸುಮಾರು 66%ಕ್ಕೆ ಇಳಿಯುತ್ತಿತ್ತು. ನ್ಯಾಯಕ್ಕಾಗಿ ಜೋರ್ಡನ್‌ಗೂ ಇದೇ ಲೆಕ್ಕ ಹಾಕಿದರೆ, ಅವರ ವೃತ್ತಿಜೀವನದ 83.5% ಪ್ರಮಾಣದಂತೆ ಒಂದೂವರೆ ಅಂಕ ಕಡಿಮೆಯಾಗಿ 61% ಉಳಿಯುತ್ತದೆ. ಯಾನಿಸ್ ಮುಂದಿರುವುದು ಬದಲಾಗುವುದಿಲ್ಲ, ಆದರೆ ಅಂತರ 12 ಶೇಕಡಾ ಅಂಶಗಳಿಂದ ಸುಮಾರು ಐದಕ್ಕೆ ಕುಗ್ಗುತ್ತದೆ.

ಎದುರಾಳಿ ಯಾರು, ಉಳಿದ ಕೆಲಸವೇನು?

ಜೋರ್ಡನ್ ಎದುರಿಸಿದ ಸೆಲ್ಟಿಕ್ಸ್ ಆ ಋತುವಿನ 82 ಲೀಗ್ ಪಂದ್ಯಗಳಲ್ಲಿ 67ನ್ನು, ತವರಿನ 41ರಲ್ಲಿ 40ನ್ನು ಗೆದ್ದಿತ್ತು. ಈ ಪಂದ್ಯ ನಡೆದದ್ದೂ ಅವರ ತವರಿನಲ್ಲೇ. ಜೋರ್ಡನ್ ಕಾಲಿನ ಮೂಳೆ ಮುರಿತದಿಂದಾಗಿ ಲೀಗ್ ಹಂತದಲ್ಲಿ ಕೇವಲ 18 ಪಂದ್ಯ ಆಡಿದ್ದರು. ಯಾನಿಸ್ ಆಡಿದ್ದು ತಮ್ಮ ತವರಿನಲ್ಲಿ, 72ರಲ್ಲಿ 51 ಪಂದ್ಯ ಗೆದ್ದಿದ್ದ ತಂಡದ ಎದುರು. ಹೀಗಾಗಿ ಎದುರಾಳಿಯ ತೂಕ ಜೋರ್ಡನ್ ಕಡೆಗೇ ವಾಲುತ್ತದೆ.

ಅಂಕಗಳಾಚೆಗಿನ ಕೆಲಸಕ್ಕೆ 2010ರ ಫೈನಲ್ಸ್‌ನ ಏಳನೆಯ ಪಂದ್ಯಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ. ಲೇಕರ್ಸ್ ತಂಡದ ಕೋಬಿ ಬ್ರಯಂಟ್ 24 ಎಸೆತಗಳಲ್ಲಿ ಆರನ್ನಷ್ಟೇ ಬುಟ್ಟಿಗೆ ಹಾಕಿದರು, ಆದರೆ 15 ರೀಬೌಂಡ್ ಹಿಡಿದರು. ಲೇಕರ್ಸ್ 83–79ರಿಂದ ಗೆದ್ದಿತು. ನಮ್ಮ ಉದಾಹರಣೆಯಲ್ಲಿ ಯಾನಿಸ್‌ಗೆ 14 ರೀಬೌಂಡ್, 5 ಬ್ಲಾಕ್ (ಎದುರಾಳಿಯ ಎಸೆತವನ್ನು ಕೈಯಿಂದ ತಡೆದದ್ದು). ಜೋರ್ಡನ್‌ಗೆ 5 ರೀಬೌಂಡ್, 6 ಅಸಿಸ್ಟ್. ಹಳೆಯ ಆಟಗಾರರ ವಿಷಯದಲ್ಲಿ ಈ ಹೆಜ್ಜೆ ಅರ್ಧಕ್ಕೇ ನಿಲ್ಲುತ್ತದೆ: ಎನ್‌ಬಿಎ ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿದದ್ದು) ಮತ್ತು ಬ್ಲಾಕ್‌ಗಳನ್ನು ದಾಖಲಿಸತೊಡಗಿದ್ದು 1973–74ರಲ್ಲಿ, ಮೂರಂಕದ ಗೆರೆ ಬಂದದ್ದು 1979–80ರಲ್ಲಿ. 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದ ಬಿಲ್ ರಸೆಲ್ ಅವರ ಬ್ಲಾಕ್‌ಗಳು ಯಾವ ಕೋಷ್ಟಕದಲ್ಲೂ ಇಲ್ಲ. ಖಾಲಿ ಜಾಗವನ್ನು ಸೊನ್ನೆ ಎಂದು ಓದಬೇಡಿ.

ತೀರ್ಪನ್ನು ಬರೆಯುವಾಗ

ತಂಡದ ಸೋಲು ಗೆಲುವನ್ನು ಆಟಗಾರನ ಖಾತೆಗೆ ನೇರವಾಗಿ ಜಮಾ ಮಾಡದಿರಿ. 1969ರಲ್ಲಿ ಮೊದಲ ಬಾರಿ ಕೊಟ್ಟ ಫೈನಲ್ಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಸೋತ ತಂಡದ ಜೆರ್ರಿ ವೆಸ್ಟ್ ಅವರಿಗೆ ಸಂದಿತ್ತು. ಜೋರ್ಡನ್ ಅವರ ಬುಲ್ಸ್ ಕೂಡ ಆ ದಿನ 135–131ರಿಂದ ಸೋತಿತು. ಎಲ್ಲ ಹೆಜ್ಜೆಗಳನ್ನೂ ದಾಟಿದ ಮೇಲೆ ನಾನು ಬರೆದುಕೊಂಡ ತೀರ್ಪು ಇಷ್ಟು: ನಿಮಿಷದ ಲೆಕ್ಕದಲ್ಲಿ ಇಬ್ಬರೂ ಸಮ, ದಕ್ಷತೆಯಲ್ಲಿಯೂ ರಕ್ಷಣೆಯಲ್ಲಿಯೂ ಯಾನಿಸ್ ಮುಂದೆ, ಹೊತ್ತ ಹೊರೆಯಲ್ಲಿಯೂ ಎದುರಾಳಿಯ ಬಲದಲ್ಲಿಯೂ ಜೋರ್ಡನ್ ಮುಂದೆ, ಒಂದೇ ಪಂದ್ಯವನ್ನು ಆರಿಸಬೇಕಾದರೆ, ಸಣ್ಣ ಅಂತರದಿಂದ, ಯಾನಿಸ್ ಅವರ 50.