ಹಲ್ಲು ಬಿಳಿ ಮಾಡುವ ಮುನ್ನ ನಾನು ನೋಡುವುದೇನು: ಗೋಣಿಕೊಪ್ಪದ ಕ್ಲಿನಿಕ್ಕಿನ ಅನುಭವ

ಗೋಣಿಕೊಪ್ಪದ ಮುಖ್ಯ ರಸ್ತೆಯ ಒಂದು ಮೇಲಂತಸ್ತಿನಲ್ಲಿ ನನ್ನ ದಂತ ಕ್ಲಿನಿಕ್ ಇದೆ. ಹಲ್ಲು ಬಿಳಿ ಮಾಡಿಸಿಕೊಳ್ಳಬೇಕೆಂದು ಬರುವವರಲ್ಲಿ ಹೆಚ್ಚಿನವರು ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ, ಇಲ್ಲವೇ ಮನೆಯಲ್ಲಿ ಮದುವೆ ನಿಶ್ಚಯವಾದ ಮೇಲೆ ಬರುತ್ತಾರೆ. ಕ್ಲಿನಿಕ್ ಆರಂಭಿಸಿದ ಹೊಸತರಲ್ಲಿ ನಾನು ಸಾಲ ಮಾಡಿ ನೀಲಿ ಬೆಳಕಿನ ಬ್ಲೀಚಿಂಗ್ ಯಂತ್ರವೊಂದನ್ನು ಕೊಂಡಿದ್ದೆ. ಒಂದೇ ಭೇಟಿಯಲ್ಲಿ ಎಂಟು ಶೇಡ್ (ಹಲ್ಲಿನ ಬಣ್ಣದ ಮೆಟ್ಟಿಲು) ಬಿಳುಪು ಎಂಬ ಮಾತನ್ನು ಮಾರಿದವರು ಹೇಳಿದ್ದರು, ನಾನೂ ಅದನ್ನೇ ರೋಗಿಗಳಿಗೆ ಹೇಳುತ್ತಿದ್ದೆ.

ಆ ಮಾತಿನ ಬೆಲೆ ತಿಳಿದದ್ದು ಮದುಮಗಳೊಬ್ಬರಿಂದ. ಮದುವೆಗೆ ನಾಲ್ಕು ದಿನವಿದೆ ಎನ್ನುವಾಗ ಅವರು ಬಂದರು. ಹಲ್ಲುಗಳಲ್ಲಿ ಹುಳುಕಿರಲಿಲ್ಲ, ಒಸಡು ಆರೋಗ್ಯವಾಗಿತ್ತು, ಬೇರೇನನ್ನೂ ನೋಡದೆ ನಾನು ಅಂದೇ ಬ್ಲೀಚಿಂಗ್ ಮಾಡಿದೆ. ಫಲಿತಾಂಶ ನೋಡಿ ಅವರೂ ಹಿಗ್ಗಿದರು, ನಾನೂ ಹಿಗ್ಗಿದೆ. ಹತ್ತು ದಿನಗಳ ನಂತರ ಅವರು ಮೊಬೈಲಿನಲ್ಲಿ ಮದುವೆಯ ಚಿತ್ರಗಳನ್ನು ತೆರೆದು ನನ್ನ ಮುಂದೆ ಹಿಡಿದರು. "ಡಾಕ್ಟ್ರೇ, ಬೇಸರ ಮಾಡ್ಕೋಬೇಡಿ, ಈ ಒಂದು ಹಲ್ಲಿನ ಮೂಲೆ ಮಾತ್ರ ಹಳದಿ ಕಾಣ್ತದಲ್ಲ?" ಎಂದರು. ಶಾಲೆಯ ದಿನಗಳಲ್ಲಿ ಬಿದ್ದು ಮುರಿದಿದ್ದ ಮುಂಹಲ್ಲಿನ ಮೂಲೆಗೆ ಯಾರೋ ಬಹಳ ಅಂದವಾಗಿ ಫಿಲ್ಲಿಂಗ್ ಮಾಡಿದ್ದರು. ಅದು ಹಲ್ಲಿನ ಹಳೆಯ ಬಣ್ಣಕ್ಕೆ ಎಷ್ಟು ಹೊಂದಿಕೊಂಡಿತ್ತೆಂದರೆ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬ್ಲೀಚಿಂಗ್ ಜೆಲ್‌ನಲ್ಲಿರುವ ಪೆರಾಕ್ಸೈಡ್ ಹಲ್ಲಿನ ಬಣ್ಣವನ್ನು ತಿಳಿಗೊಳಿಸುತ್ತದೆಯೇ ಹೊರತು ಫಿಲ್ಲಿಂಗ್, ಕ್ಯಾಪ್, ಬ್ರಿಜ್‌ಗಳ ಬಣ್ಣವನ್ನಲ್ಲ. ಸುತ್ತಲಿನ ಹಲ್ಲು ಬೆಳ್ಳಗಾದದ್ದರಿಂದ ಮೂಲೆಯಲ್ಲಿದ್ದ ಫಿಲ್ಲಿಂಗ್ ಎದ್ದು ಕಂಡಿತ್ತು. ಮದುವೆಗೆ ಮುಂಚೆ ಅದು ಗಮನಕ್ಕೆ ಬಂದಿದ್ದರೂ ನಾನು ಹೆಚ್ಚೇನೂ ಮಾಡುವಂತಿರಲಿಲ್ಲ, ಏಕೆಂದರೆ ಬ್ಲೀಚಿಂಗ್ ಆದ ಕೂಡಲೇ ಹಲ್ಲಿನೊಳಗೆ ಉಳಿದ ಆಮ್ಲಜನಕವು ಫಿಲ್ಲಿಂಗ್ ರೆಸಿನ್ ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ. ಹೊಸ ಫಿಲ್ಲಿಂಗ್‌ಗೆ ಒಂದೆರಡು ವಾರ ಕಾಯಲೇಬೇಕು. ಕಾದು, ಹಣ ತೆಗೆದುಕೊಳ್ಳದೆ ಅದನ್ನು ಬದಲಾಯಿಸಿಕೊಟ್ಟೆ. ಮದುವೆಯ ಚಿತ್ರಗಳನ್ನು ಬದಲಾಯಿಸಲು ನನ್ನಿಂದಾಗಲಿಲ್ಲ.

ಅಂದಿನಿಂದ ನನ್ನ ಪದ್ಧತಿಯೇ ಬೇರೆಯಾಯಿತು. ಈಗ ಮೊದಲ ಭೇಟಿಯಲ್ಲಿ ನಾನು ಜೆಲ್ ಮುಟ್ಟುವುದಿಲ್ಲ. ಬಣ್ಣ ಹಲ್ಲಿನ ಮೇಲಿದೆಯೋ ಒಳಗಿದೆಯೋ, ಒಳಗಿದ್ದರೆ ಯಾವ ಕಾರಣದಿಂದ ಬಂದಿದೆ ಎಂಬುದನ್ನಷ್ಟೇ ನೋಡುತ್ತೇನೆ. ನಮ್ಮ ಕಡೆ ಕಾಫಿ, ಎಲೆ-ಅಡಿಕೆ ಮತ್ತು ಬೀಡಿಯ ಕರೆಯೇ ಹೆಚ್ಚು, ಅದರಲ್ಲಿ ಬಹುಪಾಲು ಹಲ್ಲಿನ ಮೇಲ್ಮೈಯಲ್ಲಿಯೇ ಇರುತ್ತದೆ. ತೋಟವೊಂದರ ಲೆಕ್ಕ ಬರೆಯುವ ರೈಟರ್ ಒಬ್ಬರು ಬ್ಲೀಚಿಂಗ್‌ಗೆಂದು ಹಣ ಹೊಂದಿಸಿಕೊಂಡು ಬಂದಿದ್ದರು. ಸ್ಕೇಲಿಂಗ್ ಮಾಡಿ (ಕಿಟ್ಟ ತೆಗೆದು) ಪಾಲಿಶ್ ಮಾಡಿದ ಮೇಲೆ ಕನ್ನಡಿ ನೋಡಿಕೊಂಡು, ಇಷ್ಟೇ ಸಾಕೆಂದು ಹೇಳಿ ಹೊರಟುಹೋದರು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಇಲ್ಲಿ ಬಲವಾಗಿರುವುದರಿಂದ, ಕಿಟ್ಟ ತೆಗೆದಾಗ ಮೊದಲೇ ಸಡಿಲವಾಗಿದ್ದ ಹಲ್ಲು ಗೊತ್ತಾಗುತ್ತದೆಯೇ ಹೊರತು ಹೊಸದಾಗಿ ಸಡಿಲವಾಗುವುದಿಲ್ಲ ಎಂದು ನಾನು ದಿನಕ್ಕೊಮ್ಮೆಯಾದರೂ ವಿವರಿಸಬೇಕಾಗುತ್ತದೆ.

ಪಾವಗಡ, ಮುಳಬಾಗಿಲು ಮುಂತಾದ ಕಡೆಗಳಲ್ಲಿ ಬೆಳೆದು ಇಲ್ಲಿಗೆ ವರ್ಗವಾಗಿ ಬಂದ ಶಿಕ್ಷಕರ ಹಲ್ಲಿನ ಕಂದು ಪಟ್ಟೆಗಳ ವಿಷಯ ಬೇರೆ. ಅದು ಬಾಲ್ಯದಲ್ಲಿ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ, ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮೆಲ್ ರೂಪುಗೊಳ್ಳುವ ಕಾಲದಲ್ಲಿಯೇ ಆದ ಬದಲಾವಣೆ. ಕಂದು ಬಣ್ಣ ಬ್ಲೀಚಿಂಗ್‌ಗೆ ಸಾಕಷ್ಟು ಬಗ್ಗುತ್ತದೆ, ಆದರೆ ಸುಣ್ಣದಂಥ ಬಿಳಿ ಮಚ್ಚೆಗಳು ಮೊದಲ ದಿನಗಳಲ್ಲಿ ಇನ್ನಷ್ಟು ಎದ್ದು ಕಾಣುತ್ತವೆ. ಇದನ್ನು ಮುಂಚೆಯೇ ಹೇಳಿದರೆ ರೋಗಿಗೆ ಅದು ವಿವರಣೆಯಾಗಿ ಕೇಳಿಸುತ್ತದೆ, ಆಮೇಲೆ ಹೇಳಿದರೆ ನೆಪವಾಗಿ ಕೇಳಿಸುತ್ತದೆ. ಟೆಟ್ರಾಸೈಕ್ಲಿನ್ ಔಷಧಿಯಿಂದ ಬೂದು ಪಟ್ಟೆಯಾದ ಹಲ್ಲುಗಳಿಗೆ ತಿಂಗಳುಗಟ್ಟಲೆ ಸಮಯ ಬೇಕು. ಅಷ್ಟು ತಾಳ್ಮೆ ಇರುವವರು ಕಡಿಮೆ. ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮತ್ತು 18 ವರ್ಷ ತುಂಬದವರಿಗೆ ಅಂದಕ್ಕಾಗಿ ಬ್ಲೀಚಿಂಗ್ ಮಾಡುವುದಿಲ್ಲವೆಂದು ನಾನು ಖಡಾಖಂಡಿತವಾಗಿ ಹೇಳಿಬಿಡುತ್ತೇನೆ.

ಶೇಡ್ ಗುರುತಿಸುವ ವಿಷಯದಲ್ಲಿ ಕೊಡಗಿನ ಮಳೆಗಾಲ ನನಗೆ ಬಹಳ ಕಲಿಸಿದೆ. ಹಲ್ಲಿನ ಬಣ್ಣ ಹೋಲಿಸಿ ನೋಡುವ ವೀಟಾ ಶೇಡ್ ಗೈಡ್‌ನಲ್ಲಿ 16 ಮಾದರಿ ಹಲ್ಲುಗಳಿರುತ್ತವೆ. ತಿಳಿಯಿಂದ ಗಾಢಕ್ಕೆ ಜೋಡಿಸಿದರೆ ಬಿ1ರಿಂದ ಆರಂಭವಾಗಿ ಸಿ4ಕ್ಕೆ ಮುಗಿಯುತ್ತವೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವಿನ ಅಂತರ ಸಮನಾಗಿಲ್ಲದ ಕಾರಣ "ಎಂಟು ಶೇಡ್" ಎಂಬ ಲೆಕ್ಕಕ್ಕೆ ಅಂಥ ಅರ್ಥವೇನೂ ಇಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು. ಜುಲೈ ತಿಂಗಳ ಮಂಜು-ಮಳೆಯ ಬೆಳಕಿನಲ್ಲಿ ಎಲ್ಲ ಹಲ್ಲೂ ಬೂದಾಗಿ ಕಾಣುತ್ತದೆ, ಕುರ್ಚಿಯ ದೀಪದ ಕೆಳಗೆ ಎಲ್ಲವೂ ಹಳದಿಯಾಗಿ ಕಾಣುತ್ತದೆ. ಹಾಗಾಗಿ ಹಲ್ಲಿನ ಪಕ್ಕದಲ್ಲಿಯೇ ಶೇಡ್ ಮಾದರಿಯನ್ನು ಹಿಡಿದು, ಅದರ ಹೆಸರು ಕಾಣುವಂತೆ, ಪ್ರತಿ ಸಲವೂ ಒಂದೇ ದೀಪದಡಿಯಲ್ಲಿ ಚಿತ್ರ ತೆಗೆದಿಡುತ್ತೇನೆ. ಬಾಯಿ ತೆರೆದು ಕುಳಿತಷ್ಟೂ ಹಲ್ಲು ಒಣಗಿ ಬೆಳ್ಳಗೆ ಕಾಣುವುದರಿಂದ, ಶೇಡ್ ನೋಡುವುದು ಎಲ್ಲ ಕೆಲಸಕ್ಕಿಂತ ಮೊದಲು ಆಗಬೇಕು. ನನ್ನ ನೀಲಿ ಬೆಳಕಿನ ಯಂತ್ರದ ಪವಾಡದಲ್ಲಿಯೂ ಈ ಒಣಗುವಿಕೆಯ ಪಾಲು ದೊಡ್ಡದಿತ್ತು: ಚಿಕಿತ್ಸೆ ಮುಗಿದ ಕೂಡಲೇ ಕಾಣುವ ಬಿಳುಪಿನ ಒಂದು ಪಾಲು ಕೆಲವು ದಿನ ಕಳೆಯುವುದರೊಳಗೆ ಮಾಯವಾಗುತ್ತದೆ, ನಿಜವಾದ ಬಣ್ಣ ನೆಲೆಗೊಳ್ಳಲು ಸುಮಾರು ಎರಡು ವಾರ ಬೇಕು. ಬೆಳಕು ಹಾಕಿದ್ದರಿಂದ ಬಹುಕಾಲ ಉಳಿಯುವ ಹೆಚ್ಚುವರಿ ಬಿಳುಪೇನೂ ಸಿಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಆ ಯಂತ್ರ ಮೂಲೆ ಸೇರಿತು. ಅದರ ಸಾಲದ ಕಂತು ಮಾತ್ರ ಇನ್ನೂ ಒಂದು ವರ್ಷ ನಡೆಯಿತು.

ಕ್ಲಿನಿಕ್ಕಿನಲ್ಲಿಯೇ ಮಾಡುವ ಬ್ಲೀಚಿಂಗನ್ನು ನಾನು ಪೂರ್ತಿ ಬಿಟ್ಟಿಲ್ಲ. ಅದಕ್ಕೆ 35ರಿಂದ 40 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಜೆಲ್ ಬಳಸುತ್ತೇವೆ. ಪೆರಾಕ್ಸೈಡ್ ಎನಾಮೆಲನ್ನು ಹಾದು ಅದರ ಒಳಪದರವಾದ ಡೆಂಟಿನ್‌ವರೆಗೆ ಇಳಿದು, ಬಣ್ಣ ಕೊಡುವ ದೊಡ್ಡ ಅಣುಗಳನ್ನು ಒಡೆದು ತಿಳಿಗೊಳಿಸುತ್ತದೆ, ಹಲ್ಲನ್ನು ಕೆರೆಯುವುದಿಲ್ಲ. ಅದೇ ಜೆಲ್ ಒಸಡಿಗೆ ತಗುಲಿದರೆ ಸುಡುತ್ತದೆ. ಆದ್ದರಿಂದ ತುಟಿ-ಕೆನ್ನೆಗಳನ್ನು ರಿಟ್ರಾಕ್ಟರ್‌ನಿಂದ ಸರಿಸಿ, ರೋಗಿಗೂ ಸಹಾಯಕಿಗೂ ಕನ್ನಡಕ ಹಾಕಿಸಿ, ಒಸಡಿನ ಅಂಚನ್ನು ಚೆನ್ನಾಗಿ ಒಣಗಿಸಿ, ಬೆಳಕಿಗೆ ಗಟ್ಟಿಯಾಗುವ ರೆಸಿನ್‌ನಿಂದ ಅಂಚಿನುದ್ದಕ್ಕೂ ಕಟ್ಟೆ ಕಟ್ಟಬೇಕು. ಆ ಕಟ್ಟೆಯನ್ನು ಕಟ್ಟಿದ ಮೇಲೆ ಚಿಕ್ಕ ಕನ್ನಡಿಯನ್ನು ಕೆಳಗಿನಿಂದ ಹಿಡಿದು ಬಿರುಕು ಇದೆಯೇ ಎಂದು ನೋಡುವ ಅಭ್ಯಾಸವನ್ನು, ಎರಡು ಸಲ ರೋಗಿಯ ಒಸಡು ಸುಣ್ಣ ಬಳಿದಂತೆ ಬೆಳ್ಳಗಾದ ಮೇಲೆ ಕಲಿತೆ. ನೀರಿನಿಂದ ಚೆನ್ನಾಗಿ ತೊಳೆದು ವಿಟಮಿನ್ ಇ ಎಣ್ಣೆ ಸವರಿದೆವು, ಉರಿ ಇಳಿಯಿತು, ಬಿಳುಪು ಒಂದೆರಡು ದಿನದಲ್ಲಿ ಹೋಯಿತು. ಆದರೂ ರೋಗಿ ಕಣ್ಣೀರು ಹಾಕಿದ್ದನ್ನು ನಾನು ಮರೆತಿಲ್ಲ. ಜೆಲ್ಲನ್ನು ತೆಗೆಯುವಾಗ ಮೊದಲು ಸಕ್ಷನ್‌ನಿಂದ ಎಳೆದು, ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ, ಆಮೇಲಷ್ಟೇ ನೀರು ಬಿಡಬೇಕು.

ನಮ್ಮ ಊರಿಗೇ ಸೇರಿದ ಇನ್ನೊಂದು ತೊಡಕಿದೆ. ಈ ಜೆಲ್ಲನ್ನು ಫ್ರಿಜ್‌ನಲ್ಲಿ ಇಡಬೇಕು, ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಇಲ್ಲಿ ದಿನಗಟ್ಟಲೆ ಬರುವುದಿಲ್ಲ. ಒಂದು ವರ್ಷ ಹಾಗೆ ಕೆಟ್ಟ ಜೆಲ್ಲನ್ನು, ಹೊರಗೆ ಹೇಗೂ ಚಳಿಯೇ ಇದೆಯಲ್ಲ ಎಂಬ ಧೈರ್ಯದಿಂದ ಬಳಸಿದೆ. ಮೂರು ಸುತ್ತು ಹಚ್ಚಿದರೂ ಹಲ್ಲು ಒಂದು ಶೇಡ್ ಕೂಡ ಕದಲಲಿಲ್ಲ, ಹಣ ಹಿಂದಿರುಗಿಸಿದೆ. ಈಗ ಜೂನ್‌ನಿಂದ ಆಗಸ್ಟ್‌ವರೆಗೆ ಜೆಲ್ ದಾಸ್ತಾನು ಇಡುವುದಿಲ್ಲ. ರೋಗಿಯ ದಿನಾಂಕ ಗೊತ್ತಾದ ಮೇಲೆ ಮೈಸೂರಿನಿಂದ ತರಿಸುತ್ತೇನೆ.

ಹತ್ತರಲ್ಲಿ ಎಂಟು ಜನರಿಗೆ ನಾನು ಹೇಳುವುದು ಮನೆಯಲ್ಲಿ ರಾತ್ರಿ ಜೆಲ್ ಹಾಕಿ ಹಲ್ಲಿನ ಮೇಲೆ ತೊಟ್ಟುಕೊಳ್ಳುವ ಟ್ರೇಯ ವಿಧಾನವನ್ನು. ಅದರ ಹಿಂದಿನ ಕಥೆ ನನಗೆ ಇಷ್ಟ: 1960ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಕಾನ್ಸಾಸ್‌ನ ಬಿಲ್ ಕ್ಲುಸ್ಮಿಯರ್ ಎಂಬ ದಂತವೈದ್ಯರು ಒಸಡಿನ ಉರಿಯೂತಕ್ಕೆಂದು ಕಾರ್ಬಮೈಡ್ ಪೆರಾಕ್ಸೈಡ್ ಇರುವ ಬಾಯಿಯ ಔಷಧಿಯನ್ನು ಟ್ರೇಯಲ್ಲಿ ಹಾಕಿಕೊಟ್ಟಾಗ, ಒಸಡಿನ ಜೊತೆಗೆ ಹಲ್ಲು ಬೆಳ್ಳಗಾದದ್ದನ್ನೂ ಗಮನಿಸಿದರು. ಹೇವುಡ್ ಮತ್ತು ಹೇಮನ್ ಅದನ್ನು 1989ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಮೇಲೆ ಅದು ಜಗತ್ತಿನೆಲ್ಲೆಡೆ ಹರಡಿತು. 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಎಂದರೆ ಸುಮಾರು 3.5 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್‌ನಷ್ಟೇ ಬಲ. ಕ್ಲಿನಿಕ್ಕಿನ ಜೆಲ್ಲಿಗೆ ಹೋಲಿಸಿದರೆ ಹತ್ತನೆಯ ಒಂದು ಪಾಲು. ನಿಧಾನವಾದರೂ ಎರಡು ವಾರಗಳಲ್ಲಿ ಅದು ತಲುಪುವ ಬಿಳುಪು ಕಡಿಮೆಯದಲ್ಲ. ಆಲ್ಜಿನೇಟ್ ಎಂಬ ಮೆತ್ತನೆಯ ಅಚ್ಚಿನ ಪದಾರ್ಥದಲ್ಲಿ ಹಲ್ಲಿನ ಅಳತೆ ತೆಗೆದು, ಅದರಲ್ಲಿ ಗಟ್ಟಿ ಜಿಪ್ಸಮ್‌ನ (ಸ್ಟೋನ್) ಮಾದರಿ ಎರೆದು, ಮೆತ್ತನೆಯ ಹಾಳೆಯನ್ನು ವ್ಯಾಕ್ಯೂಮ್ ಯಂತ್ರದಲ್ಲಿ ಮಾದರಿಯ ಮೇಲೆ ಕೂರಿಸಿ, ಒಸಡಿನ ಅಂಚಿಗೆ ಸರಿಯಾಗಿ ಕತ್ತರಿಸುವ ಕೆಲಸವನ್ನು ನಾನೇ ಮಾಡುತ್ತೇನೆ. ಪ್ರತಿ ಹಲ್ಲಿಗೆ ಅಕ್ಕಿಕಾಳಿನಷ್ಟು ಜೆಲ್ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಬಿಳುಪು ಎಂದುಕೊಂಡು ಟ್ರೇ ತುಂಬಿಸಿಕೊಂಡವರು ಮೂರನೆಯ ದಿನವೇ ಕೆನ್ನೆ ಹಿಡಿದುಕೊಂಡು ಬರುತ್ತಾರೆ.

ಹಲ್ಲು ಜುಮ್ಮೆನ್ನುವುದು ಸಾಮಾನ್ಯ. ಅದಕ್ಕೆ 5 ಶೇಕಡಾ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಎರಡು ವಾರ ಮುಂಚೆಯೇ ಆರಂಭಿಸಲು ಹೇಳುತ್ತೇನೆ, ಜೋರಾದರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಟ್ರೇ ಹಾಕಿಸುತ್ತೇನೆ. ಆ ದಿನಗಳಲ್ಲಿ ಕಾಫಿ ಬಿಡಿ ಎಂದು ಕೊಡಗಿನಲ್ಲಿ ಹೇಳಿದರೆ ಕೇಳುವವರಾರು? ಕುಡಿದ ಮೇಲೆ ಬಾಯಿ ಮುಕ್ಕಳಿಸಿ ಎಂದಷ್ಟೇ ಹೇಳುತ್ತೇನೆ. ಆದರೆ ಕಾಚಂಪುಳಿ ಹಾಕಿದ ಹಂದಿ ಕರಿ ಮತ್ತು ಕಿತ್ತಳೆಯನ್ನು ಮಾತ್ರ ಚಿಕಿತ್ಸೆ ಮುಗಿಯುವವರೆಗೆ ದೂರವಿಡಿ ಎನ್ನುತ್ತೇನೆ, ಏಕೆಂದರೆ ಆ ಹುಳಿ ಮೊದಲೇ ಜುಮ್ಮೆನ್ನುವ ಹಲ್ಲಿಗೆ ನೇರವಾಗಿ ನಾಟುತ್ತದೆ. ನಿಂಬೆ ರಸ, ಇದ್ದಿಲ ಪುಡಿ, ಉಪ್ಪು ಹಾಕಿ ತಿಕ್ಕಿಕೊಂಡು ಬರುವವರ ಎನಾಮೆಲ್ ಸವೆದು ಒಳಗಿನ ಹಳದಿ ಡೆಂಟಿನ್ ಇನ್ನಷ್ಟು ಕಾಣತೊಡಗಿರುತ್ತದೆ. ಅವರಿಗೆ ಬ್ಲೀಚಿಂಗ್ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು, ಒಂದೇ ಹಲ್ಲು ಕಪ್ಪಾಗಿರುವುದು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಲ್ಲ, ಅದಕ್ಕೆ ಹಾಕಿಯೂ ಒಂದು ಕಾರಣ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಉತ್ಸವದ ಮುಂಚಿನಿಂದಲೂ ಇಲ್ಲಿನ ಹುಡುಗರು ಸ್ಟಿಕ್ ಹಿಡಿದೇ ಬೆಳೆಯುತ್ತಾರೆ, ಚೆಂಡಿಗೋ ಸ್ಟಿಕ್ಕಿಗೋ ಮುಂಹಲ್ಲು ಸಿಕ್ಕಿಬೀಳುತ್ತದೆ. ಪೆಟ್ಟಿಗೆ ಹಲ್ಲಿನೊಳಗಿನ ರಕ್ತನಾಳ ಒಡೆದು ರಕ್ತ ಡೆಂಟಿನ್‌ನ ಸಣ್ಣ ಕೊಳವೆಗಳಿಗೆ ಇಳಿಯುತ್ತದೆ, ಅಲ್ಲಿ ರಕ್ತ ಕೊಳೆತು ಅದರಲ್ಲಿನ ಕಬ್ಬಿಣದ ಅಂಶದಿಂದ ಬೂದು ಬಣ್ಣ ಉಳಿಯುತ್ತದೆ. ಅಂಥ ಹಲ್ಲಿಗೆ ಟ್ರೇ ಹಾಕಿ ಪ್ರಯೋಜನ ಕಡಿಮೆ, ಒಳಗಿನಿಂದ ಬಿಳಿ ಮಾಡಬೇಕು.

ಬಿ.ಕಾಂ. ಓದುತ್ತಿದ್ದ ಯುವಕನೊಬ್ಬನಿಗೆ ಮೇಲಿನ ಮುಂಹಲ್ಲು ಹಾಗಾಗಿತ್ತು. ಬೇರೆ ಕಡೆ ಮಾಡಿಸಿದ್ದ ರೂಟ್ ಕೆನಾಲ್ ಎಕ್ಸ್‌ರೇಯಲ್ಲಿ ಗಟ್ಟಿಯಾಗಿಯೇ ಕಂಡಿತು. ಆ ಹಲ್ಲನ್ನು ಬೇರ್ಪಡಿಸುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿ ಹಿಂಬದಿಯಿಂದ ತೆರೆದಾಗ, ಮೇಲ್ಭಾಗದ ಮೂಲೆಗಳಲ್ಲಿ ಹಳೆಯ ರಕ್ತದ ಅವಶೇಷ ಇನ್ನೂ ಉಳಿದಿತ್ತು. ಬಣ್ಣದ ಅರ್ಧ ಕಾರಣ ಅಲ್ಲೇ ಸಿಕ್ಕಿತು. ಬೇರಿನೊಳಗೆ ತುಂಬಿದ್ದ ರಬ್ಬರಿನಂಥ ಗಟ್ಟಾಪರ್ಚಾವನ್ನು ಒಸಡಿನ ಮಟ್ಟಕ್ಕಿಂತ ಎರಡು-ಮೂರು ಮಿಲಿಮೀಟರ್ ಕೆಳಗಿಳಿಸಿ, ಅದರ ಮೇಲೆ 2 ಮಿಲಿಮೀಟರ್ ಗ್ಲಾಸ್ ಅಯನೋಮರ್ ಸಿಮೆಂಟಿನ ತಡೆ ಕೂರಿಸಿದೆ. ಈ ತಡೆಯನ್ನು ಅವಸರದಲ್ಲಿ ಬಿಟ್ಟುಬಿಡುವವರಿದ್ದಾರೆ. ಔಷಧ ಬೇರಿನ ಹೊರಗೆ ಸೋರಿದರೆ ಹಲ್ಲಿನ ಕತ್ತಿನ ಭಾಗವನ್ನು ದೇಹವೇ ಹೊರಗಿನಿಂದ ಕರಗಿಸತೊಡಗುವ ಅಪಾಯವನ್ನು 1979ರಲ್ಲಿಯೇ ಹ್ಯಾರಿಂಗ್ಟನ್ ಮತ್ತು ನಾಟ್ಕಿನ್ ವರದಿ ಮಾಡಿದ್ದರು, ಹಾಗಾಗಿ ನಾನು ಬಲವಾದ ಪೆರಾಕ್ಸೈಡನ್ನೂ ಶಾಖವನ್ನೂ ಇಲ್ಲಿ ಬಳಸುವುದೇ ಇಲ್ಲ. ಬಿಳಿ ಮಾಡುವ ಸೋಡಿಯಂ ಪರ್ಬೋರೇಟ್ ಪುಡಿಯನ್ನು ಬರೀ ಡಿಸ್ಟಿಲ್ಡ್ ನೀರಿನಲ್ಲಿ ಒದ್ದೆ ಮರಳಿನ ಹದಕ್ಕೆ ಕಲಸಿ, ಒಳಗೆ ತುಂಬಿ, ತಾತ್ಕಾಲಿಕ ಫಿಲ್ಲಿಂಗ್‌ನಿಂದ ಮುಚ್ಚಿದೆ.

ವಾರಕ್ಕೊಮ್ಮೆ ಬದಲಾಯಿಸುವುದೆಂದು ಹೇಳಿದ್ದೆ. ಮೊದಲ ವಾರ ಏನೂ ಬದಲಾಗಲಿಲ್ಲ, ಅವನ ಮುಖ ಸಪ್ಪಗಾಯಿತು. ಎರಡನೆಯ ವಾರ ಬೂದು ಹೋಗಿ ಹಳದಿ ಬಂತು. ಮೂರನೆಯ ವಾರ ಪಕ್ಕದ ಹಲ್ಲಿಗೆ ಸಮನಾಯಿತು, ಒಸಡಿನ ಅಂಚಿನಲ್ಲಿ ಒಂದು ತೆಳು ನೆರಳು ಮಾತ್ರ ಉಳಿಯಿತು. ಇನ್ನೊಂದು ಸುತ್ತು ಮಾಡಿ ಎಂದು ಅವನು ಕೇಳಿದ. ನಕ್ಕಾಗ ತುಟಿ ಆ ಅಂಚನ್ನು ಮುಚ್ಚುತ್ತದೆ ಎಂದು ಕನ್ನಡಿಯಲ್ಲಿ ತೋರಿಸಿ ಅಲ್ಲಿಗೇ ನಿಲ್ಲಿಸಿದೆ. ಎರಡು ವಾರ ಬಿಟ್ಟು ಕೊನೆಯ ಫಿಲ್ಲಿಂಗ್ ಮಾಡಿದೆ, ವರ್ಷಕ್ಕೊಮ್ಮೆ ಎಕ್ಸ್‌ರೇಗೆ ಬರಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟೆ.

ಹೊರಡುವಾಗ ಅವನು, ಮುಂದಿನ ತಿಂಗಳು ಮತ್ತೆ ಆಟ ಉಂಟು, ಈ ಹಲ್ಲಿನಲ್ಲಿ ಆಡಬಹುದಲ್ಲ ಎಂದು ಕೇಳಿದ. ಅವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ಮೇಲ್ದವಡೆಯ ಅಳತೆ ತೆಗೆದೆ. ಬ್ಲೀಚಿಂಗ್ ಟ್ರೇ ಮಾಡುವ ಅದೇ ವ್ಯಾಕ್ಯೂಮ್ ಯಂತ್ರದಲ್ಲಿ ದಪ್ಪ ಹಾಳೆ ಹಾಕಿ ಮಾಡಿದ ಮೌತ್‌ಗಾರ್ಡನ್ನು ಎರಡು ದಿನ ಬಿಟ್ಟು ಅವನ ತಾಯಿ ಬಂದು ತೆಗೆದುಕೊಂಡು ಹೋದರು.