ಸ್ಟ್ರಾಬೆರಿ ಬೂಷ್ಟು ಹಿಡಿಯದಂತೆ ಇಡುವುದು

ಚಳಿಗಾಲ ಬಂತೆಂದರೆ ಮಹಾಬಲೇಶ್ವರದ ಸ್ಟ್ರಾಬೆರಿ ನಮ್ಮ ಮಾರುಕಟ್ಟೆಗೂ ಬರುತ್ತದೆ. ಆಸೆಪಟ್ಟು ಎರಡು ಡಬ್ಬಿ ತರುತ್ತೀರಿ, ಎರಡೇ ದಿನಕ್ಕೆ ಬೂಷ್ಟು! ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ತಳ ನೋಡಿ. ಕೆಂಪು ರಸ ಇಳಿದಿದ್ದರೆ ಬೇಡ, ಒಳಗೆ ಹಣ್ಣು ನಜ್ಜಾಗಿರುತ್ತದೆ. ತೊಟ್ಟಿನ ಬಳಿ ಬೆಳ್ಳಗಿರುವುದನ್ನೂ ಬಿಡಿ. ಬಾಳೆ, ಮಾವಿನ ಹಾಗೆ ಇದು ಕಿತ್ತ ಮೇಲೆ ಮಾಗುವುದಿಲ್ಲ.

ಬಾಲ್ಕನಿಯ ಕುಂಡದಲ್ಲಿ ಬೆಳೆಸಿದವರು ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕೀಳಿ. ಹಣ್ಣು ಹಿಡಿದು ಎಳೆಯಬೇಡಿ. ತೊಟ್ಟನ್ನು ಉಗುರಲ್ಲಿ ಚಿವುಟಿದರೆ ಸಾಕು.

ಮನೆಗೆ ತಂದ ತಕ್ಷಣ ಎಲ್ಲವನ್ನೂ ತಟ್ಟೆಗೆ ಸುರಿದು ಆರಿಸಿ. ಬೂದು ಬಣ್ಣದ ನವಿರು ಕಾಣುವ ಹಣ್ಣನ್ನು ಪೂರ್ತಿ ಎಸೆಯಿರಿ. ಆ ಭಾಗ ಕತ್ತರಿಸಿ ಉಳಿದದ್ದು ತಿನ್ನೋಣ ಅನ್ನಬೇಡಿ. ಮೆತ್ತನೆ ಹಣ್ಣಲ್ವಾ, ಬೂಷ್ಟಿನ ಎಳೆ ಕಣ್ಣಿಗೆ ಕಾಣದೆ ಒಳಗಿಳಿದಿರುತ್ತದೆ. ಪಕ್ಕದ ಹಣ್ಣಿಗೂ ತಾಗಿ ಹಬ್ಬುತ್ತದೆ. ಫ್ರಿಜ್ಜಿನ ತಂಪಿಗೂ ಅದು ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೆ. ನಜ್ಜಾಗಿದ್ದರೂ ಬೂಷ್ಟಿಲ್ಲದ ಹಣ್ಣನ್ನು ಅವತ್ತೇ ತಿಂದು ಮುಗಿಸಿ.

ಗಟ್ಟಿ ಹಣ್ಣುಗಳನ್ನು ತೊಳೆಯದೆ, ತೊಟ್ಟು ಕೀಳದೆ ಇಡಿ. ಅಗಲ ಡಬ್ಬಿಗೆ ಒಣ ಬಟ್ಟೆ ಹಾಸಿ, ಒಂದೇ ಪದರ ಜೋಡಿಸಿ. ಮುಚ್ಚಳ ಬಿಗಿಯಬೇಡಿ, ಒಳಗೆ ಬೆವರುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಹಿಂದೆ ತಂಪು ಜಾಸ್ತಿ ಇರುವಲ್ಲಿಡಿ. ಬೇಕಾದಷ್ಟೇ ತೆಗೆದು ತೊಳೆಯಿರಿ.

ವಿನೆಗರ್ ನೀರಲ್ಲಿ ತೊಳೆದಿಡುವ ಉಪಾಯವೂ ಇದೆ. ಒಂದು ಲೋಟ ಬಿಳಿ ವಿನೆಗರಿಗೆ ಮೂರು ಲೋಟ ನೀರು. ಒಂದೆರಡು ನಿಮಿಷ ಅದ್ದಿ, ಒಳ್ಳೆ ನೀರಲ್ಲಿ ಜಾಲಿಸಿ. ಮೇಲಿನ ಬೂಷ್ಟಿನ ಬೀಜ ಬಹುಪಾಲು ಹೋಗುತ್ತದೆ. ಆದರೆ ಅಸಲು ಕೆಲಸ ಒಣಗಿಸುವುದು. ಹಳೇ ಪಂಚೆಯ ಮೇಲೆ ಹರಡಿ ಫ್ಯಾನ್ ಹಾಕಿ. ತೊಟ್ಟಿನ ಹಸಿರೆಲೆ ಎತ್ತಿ ನೋಡಿ, ಅದರಡಿ ಹನಿ ನಿಂತೇ ಇರುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ವಿನೆಗರಿನ ಸಹವಾಸ ಬೇಡ, ಸುಮ್ನೆ ತೊಳೆಯದೆ ಹಾಗೇ ಇಡಿ.

ಜಾಸ್ತಿ ತಂದಿದ್ದರೆ ತೊಳೆದು, ಒರೆಸಿ, ತೊಟ್ಟು ತೆಗೆದು, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಡಿ. ಕಲ್ಲಾದ ಮೇಲೆ ಕವರಿಗೆ ತುಂಬಿ ಗಾಳಿ ಒತ್ತಿ ತೆಗೆಯಿರಿ. ಮೊದಲೇ ಕವರಿಗೆ ಹಾಕಿದರೆ ಒಂದೇ ಗಡ್ಡೆ. ಕರಗಿದಾಗ ಮೆತ್ತಗಾಗುತ್ತದೆ, ಹಾಗೇ ತಿನ್ನಲು ಚೆನ್ನಾಗಿರಲ್ಲ. ಮಿಲ್ಕ್‌ಶೇಕಿಗೆ, ಜಾಮಿಗೆ ಏನೂ ತೊಂದರೆಯಿಲ್ಲ.