ಗಿನ್ನಿಯಂತೆ ಕಾಣುವ ಹಳೆ ಜೂಜಿನ ಬಿಲ್ಲೆ: ಗುರುತಿಸಿ, ಕೂಡಿಡುವ ಬಗೆ

ಕಾರವಾರದ ಹಳೆ ಸಾಮಾನಿನ ಅಂಗಡಿಯಲ್ಲೋ, ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ನಾಣ್ಯ ಹರಡಿಕೊಂಡು ಕೂತವರ ಹತ್ತಿರವೋ ಯಾರಾದರೂ ‘ಬ್ರಿಟಿಷರ ಕಾಲದ ಚಿನ್ನದ ಗಿನ್ನಿ’ ಅಂತ ಹಳದಿ ಬಿಲ್ಲೆ ಕೈಗಿಟ್ಟರೆ, ಮೊದಲು ತೂಕ ಮಾಡಿಸಿ. ಗಿನ್ನಿ ಅಂದರೆ ಇಂಗ್ಲೆಂಡಿನ ಹಳೆ ಚಿನ್ನದ ನಾಣ್ಯ. ಅಸಲಿಯಾದರೆ 22 ಕ್ಯಾರೆಟ್, ತೂಕ ಸುಮಾರು 8.35 ಗ್ರಾಂ. ಅಷ್ಟೇ ಗಾತ್ರದ ಹಿತ್ತಾಳೆ ಅದರ ಅರ್ಧದಷ್ಟು ತೂಗುತ್ತದೆ, ಅಷ್ಟೆ. ಒರೆಗಲ್ಲಿಗೆ ಮಾತ್ರ ಉಜ್ಜಿಸಬೇಡಿ, ಅಂಚು ಸವೆಯುತ್ತದೆ.

ಚಿನ್ನವಲ್ಲ ಅಂತ ಗೊತ್ತಾದರೆ ವಾಪಸ್ ಕೊಡಬೇಡಿ, ನಮಗೆ ಬೇಕಾದದ್ದು ಅದೇ! ಆದರೆ ಹಿತ್ತಾಳೆಯ ಲೆಕ್ಕದಲ್ಲೇ ಚೌಕಾಸಿ ಮಾಡಿ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಥ ಜೂಜಿನ ಬಿಲ್ಲೆಗಳನ್ನು ರಾಶಿಗಟ್ಟಲೆ ಅಚ್ಚು ಹಾಕುತ್ತಿದ್ದರು. ನಾವು ಹುಣಸೆಬೀಜ ಇಟ್ಟು ಆಡುವ ಹಾಗೆ ಅಲ್ಲಿನ ಜನ ಇಸ್ಪೀಟಿನಲ್ಲಿ ದುಡ್ಡಿನ ಬದಲು ಇವನ್ನಿಡುತ್ತಿದ್ದರು.

ಈಗ ಹಿಂಬದಿ ನೋಡಿ. 1787ರಿಂದ 1799ರವರೆಗಿನ ಗಿನ್ನಿಯಲ್ಲಿ ಕೆಳಗೆ ಚೂಪಾದ ಗುರಾಣಿ, ಸುತ್ತ ಚುಕ್ಕಿ ಚುಕ್ಕಿ ಇಟ್ಟ ಲ್ಯಾಟಿನ್ ಅಕ್ಷರಗಳು. ಬಿಲ್ಲೆಯಲ್ಲೂ ಅದೇ ಗುರಾಣಿ, ಆದರೆ ಸುತ್ತ ಎಷ್ಟೋ ಸಲ ‘ಇನ್ ಮೆಮೊರಿ ಆಫ್ ದ ಗುಡ್ ಓಲ್ಡ್ ಡೇಸ್’ (ಹಳೆಯ ಒಳ್ಳೆ ದಿನಗಳ ನೆನಪಿಗೆ) ಅಂತ ಇಂಗ್ಲಿಷಿನಲ್ಲಿರುತ್ತದೆ. ಕೆಳಗೆ 1797 ಅಂತಿದ್ದರೆ ಅಷ್ಟು ಹಳೆಯದು ಅಂದುಕೊಳ್ಳಬೇಡಿ, ಅದು ನಕಲು ಮಾಡಿದ ನಾಣ್ಯದ ಇಸವಿ. ಕೆಲವದರಲ್ಲಿ ತಯಾರಿಸಿದವರ ಹೆಸರಿರುತ್ತದೆ, ಅಂಥವು ಸಿಕ್ಕರೆ ಬಿಡಬೇಡಿ.

ನನಗೆ ಎಲ್ಲಕ್ಕಿಂತ ಇಷ್ಟ ‘ಟು ಹ್ಯಾನೋವರ್’ (ಹ್ಯಾನೋವರ್‌ಗೆ) ಅಂತ ಬರೆದ ಬಿಲ್ಲೆ. 1837ರಲ್ಲಿ ವಿಕ್ಟೋರಿಯಾ ಇಂಗ್ಲೆಂಡಿನ ರಾಣಿಯಾದಾಗ, ಅದೇ ರಾಜಮನೆತನದ ಕೈಲಿದ್ದ ಜರ್ಮನಿಯ ಹ್ಯಾನೋವರ್‌ನಲ್ಲಿ ಹೆಣ್ಣಿಗೆ ಪಟ್ಟವಿಲ್ಲ ಅಂತ ಅವಳ ಚಿಕ್ಕಪ್ಪ ಕಂಬರ್ಲೆಂಡ್ ಡ್ಯೂಕ್ ಅಲ್ಲಿಗೆ ರಾಜನಾಗಿ ಹೋದ. ಇಂಗ್ಲೆಂಡಿನ ಜನಕ್ಕೆ ಅವನನ್ನು ಕಂಡರಾಗುತ್ತಿರಲಿಲ್ಲ, ಹಾಗಾಗಿ ಸವರನ್ ಅನ್ನುವ ಇಂಗ್ಲಿಷ್ ಚಿನ್ನದ ನಾಣ್ಯದ ಮೇಲೆ ಕುದುರೆಯೇರಿ ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್ ಜಾಗದಲ್ಲಿ ಅವನನ್ನೇ ಕೂರಿಸಿ ಬಿಲ್ಲೆ ಹೊಡೆದರು. ಒಂದು ಅಂಗುಲವೂ ಇಲ್ಲದ ಹಿತ್ತಾಳೆಯಲ್ಲಿ ಎಷ್ಟು ಸಿಟ್ಟು ತುಂಬಿದೆ, ಅಲ್ವಾ?

ಸರಕ್ಕೆ ಪೋಣಿಸಲು ತೂತು ಕೊರೆದದ್ದಾದರೆ ಬೆಲೆ ಕಡಿಮೆ.

ನಮ್ಮ ಕರಾವಳಿಯಲ್ಲಿ ಕೊಳ್ಳುವುದಕ್ಕಿಂತ ಕಾಪಾಡುವುದೇ ಕಷ್ಟ. ಉಪ್ಪುಗಾಳಿಗೆ ಹಿತ್ತಾಳೆ ಬೇಗ ಕಿಲುಬು ಹಿಡಿಯುತ್ತದೆ. ಆದರೂ ದೀಪಕ್ಕೆ ಹಚ್ಚುವ ಹುಣಸೆಹಣ್ಣು ಇದಕ್ಕೆ ಬೇಡವೇ ಬೇಡ, ಅದರ ಹುಳಿ ಮತ್ತು ಉಜ್ಜಾಟಕ್ಕೆ ಮೇಲೆ ತೆಳು ಚಿನ್ನದ ಲೇಪವಿದ್ದರೆ ಹೋಗಿಬಿಡುತ್ತದೆ. ಕೊಳೆ ಜಾಸ್ತಿಯಿದ್ದರೆ ಬಿದಿರುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಮೆತ್ತನೆಯ ಪಿವಿಸಿ ಹಾಳೆಯಲ್ಲೂ ಇಡಬೇಡಿ, ಹಸಿರು ಅಂಟು ಕೂರುತ್ತದೆ. ಕಾಗದದ ಲಕೋಟೆ, ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಸಾಕು. ಮಳೆಗಾಲದಲ್ಲಿ ಆ ಪೊಟ್ಟಣವನ್ನು ಆಗಾಗ ಬದಲಿಸಿ.